ಹಾಡೂ ಬೇಕು, ನಾಟಕವೂ ಬೇಕು: ಯಾವ ರಂಗಶಾಲೆಗೆ ಸೇರುವುದು?

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಶಿವಮೊಗ್ಗದಲ್ಲಿ ಹವ್ಯಾಸಿ ತಂಡಗಳ ನಾಟಕಕ್ಕೆ ಹಾರ್ಮೋನಿಯಂ ನುಡಿಸುತ್ತೇನೆ, ಹುಡುಗರಿಗೆ ಹಾಡು ಕಲಿಸುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಈ ಸಲ ಎದುರುಮನೆಯವರು ಮಗಳನ್ನು ಕರೆದುಕೊಂಡೇ ಬಂದರು. "ಮೇಷ್ಟ್ರೇ, ಇವಳು ಸಂಗೀತದಲ್ಲಿ ಸೀನಿಯರ್ ಮುಗಿಸಿದ್ದಾಳೆ. ನಾಟಕ ಅಂದ್ರೆ ಪ್ರಾಣ. ಎರಡನ್ನೂ ಒಟ್ಟಿಗೆ ಕಲಿಸೋ ಕಾಲೇಜು ಯಾವುದು ಹೇಳಿ, ಸೇರಿಸಿಬಿಡ್ತೀವಿ" ಅಂದರು.

ಒಂದು ಹೆಸರು ಹೇಳಿ ಕಳಿಸೋಣ ಅಂದರೆ ಮನಸ್ಸು ಒಪ್ಪಲಿಲ್ಲ. ಮೂರು ಸಂಜೆ ಕೂತು ಮಾತಾಡಿದೆವು. ಆಗ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡ ಮನೆಗಳು ಇನ್ನೂ ಇವೆ ಅಂತ ನನಗೆ ಗೊತ್ತು.

ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ 'ಮ್ಯೂಸಿಕಲ್ ಥಿಯೇಟರ್' ಅಂತಲೇ ಡಿಗ್ರಿ ಇದೆ. ಹಾಡು, ನಟನೆ, ಕುಣಿತ ಮೂರನ್ನೂ ಒಂದೇ ಸೂರಿನಡಿ ಕಲಿಸುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಒಂದು ಕಾಲಕ್ಕೆ ನಾಟಕ ಕಂಪನಿಗಳೇ ಮಾಡುತ್ತಿದ್ದವು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಲ್ಲಾಗಲಿ, ಉತ್ತರ ಕರ್ನಾಟಕದಲ್ಲಿ ಏಣಗಿ ಬಾಳಪ್ಪನವರ ಕಂಪನಿಯಲ್ಲಾಗಲಿ, ದೊಡ್ಡ ಪಾತ್ರ ಬೇಕೆಂದರೆ ಹಾಡಲು ಬರಲೇಬೇಕಿತ್ತು. 1880ರಲ್ಲಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಕೂಡ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲೇ. ಚಿಕ್ಕ ಹುಡುಗರು ಕಂಪನಿಗೆ ಸೇರುತ್ತಿದ್ದರು. ಬೆಳಿಗ್ಗೆ ಹಾರ್ಮೋನಿಯಂ ಮಾಸ್ತರ ಮುಂದೆ ಕೂರುತ್ತಿದ್ದರು, ರಾತ್ರಿ ರಂಗದ ಮೇಲೆ ನಿಲ್ಲುತ್ತಿದ್ದರು. ಪಾಠ, ಪ್ರಯೋಗ, ಊಟ, ನಿದ್ದೆ ಎಲ್ಲ ಅಲ್ಲೇ.

ಆ ಪಾಠ ಈಗ ಹಂಚಿಹೋಗಿದೆ. ಒಂದು ತುಂಡು ರಂಗಶಾಲೆಯಲ್ಲಿದೆ, ಒಂದು ವಿಶ್ವವಿದ್ಯಾಲಯದಲ್ಲಿದೆ, ಇನ್ನೊಂದು ಯಕ್ಷಗಾನ ಕೇಂದ್ರದಲ್ಲಿದೆ. ಆರಿಸುವುದು ಕಷ್ಟವಾಗಿರುವುದು ಅದಕ್ಕೇ.

ಯಾರು ಹಾಡುತ್ತಾರೆ ಅಂತ ನೋಡಿ

ಎಲ್ಲರೂ ಮೊದಲು ಕೇಳುವುದು ಫೀಸು ಎಷ್ಟು, ಸರ್ಟಿಫಿಕೇಟಿಗೆ ಬೆಲೆ ಇದೆಯಾ ಅಂತ. ಅದನ್ನೂ ಕೇಳಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಆ ಸಂಸ್ಥೆಯ ಮಕ್ಕಳು ಮಾಡುವ ಒಂದು ನಾಟಕ ನೋಡಿ. ರಂಗದ ಮೇಲೆ ಹಾಡು ಬಂದಾಗ ಹಾಡುತ್ತಿರುವವರು ಯಾರು? ಪಾತ್ರ ಮಾಡುತ್ತಿರುವವರೇ ಹಾಡುತ್ತಿದ್ದಾರಾ? ಪಕ್ಕದಲ್ಲಿ ಕೂತ ಮೇಳ ಹಾಡುತ್ತಿದೆಯಾ? ಇಲ್ಲ, ಮೊದಲೇ ರೆಕಾರ್ಡ್ ಮಾಡಿದ್ದನ್ನು ಹಾಕಿ ನಟರು ಬಾಯಿ ಆಡಿಸುತ್ತಿದ್ದಾರಾ?

ಪಾತ್ರವೇ ಹಾಡುವುದಾದರೆ ಮಾತು ಮುಗಿದು ಹಾಡು ಶುರುವಾಗುವ ಆ ಒಂದು ಗಳಿಗೆಯನ್ನು ಗಮನಿಸಿ. ನುರಿತ ನಟರಲ್ಲಿ ಮಾತಿನ ಕೊನೆಯ ಸಾಲೇ ಶ್ರುತಿಯ ಹತ್ತಿರ ಬಂದಿರುತ್ತದೆ. ಹಾಡು ಹೊರಗಿನಿಂದ ಬಂದ ಹಾಗೆ ಅನಿಸುವುದೇ ಇಲ್ಲ. ಹಳೆಯ ಕಂಪನಿ ಮಾಸ್ತರರು ನಟ ಇನ್ನೂ ಮಾತಾಡುತ್ತಿರುವಾಗಲೇ ಮೆಲ್ಲಗೆ ಹಾರ್ಮೋನಿಯಂ ಸ್ವರ ಹಿಡಿದುಬಿಡುತ್ತಿದ್ದರು. ನಟನ ಕಿವಿ ಅದನ್ನು ಹಿಡಿಯುತ್ತಿತ್ತು, ದನಿ ಅಲ್ಲಿಗೆ ಏರುತ್ತಿತ್ತು. ಕಲಿಯದವರಲ್ಲಿ ಹೀಗಾಗುವುದಿಲ್ಲ. ಮಾತು ನಿಲ್ಲುತ್ತದೆ, ನಟ ನೆಟ್ಟಗೆ ನಿಂತು ಉಸಿರು ಎಳೆದುಕೊಳ್ಳುತ್ತಾನೆ, ಮುಖದಿಂದ ಪಾತ್ರ ಇಳಿದುಹೋಗುತ್ತದೆ, ಆಮೇಲೆ ಹಾಡು. ಎಷ್ಟು ಸೊಗಸಾಗಿ ಹಾಡಿದರೂ ಅದು ಕಛೇರಿ, ನಾಟಕ ಅಲ್ಲ.

ಈ ಹೊಸಿಲು ದಾಟುವುದನ್ನು ಎಲ್ಲಿ ಕಲಿಸುತ್ತಾರೋ ಅದೇ ನಿಮ್ಮ ಶಾಲೆ. ಮುಂದೆ ಹೇಳುವುದನ್ನೆಲ್ಲ ಇದೇ ತಕ್ಕಡಿಯಲ್ಲಿ ತೂಗುತ್ತೇನೆ.

ಹೆಗ್ಗೋಡು, ಸಾಣೇಹಳ್ಳಿ, ಮೈಸೂರು

ಹಾಡುವ ನಟರಾಗಬೇಕು ಅನ್ನುವ ಹೆಚ್ಚಿನ ಕನ್ನಡದ ಮಕ್ಕಳಿಗೆ ನಾನು ಮೊದಲು ತೋರಿಸುವುದು ಈ ಮೂರು ಊರನ್ನು. ಮೂರೂ ಕಡೆ ಸುಮಾರು ಹತ್ತು ತಿಂಗಳಿಂದ ಒಂದು ವರ್ಷದ ಡಿಪ್ಲೊಮಾ. ಮೂರೂ ಕನ್ನಡದಲ್ಲೇ ಪಾಠ. ಮೂರಕ್ಕೂ ತಮ್ಮದೇ ನಾಟಕ ತಂಡ ಇದೆ. ಆದರೂ ಒಂದರ ಹಾಗೆ ಇನ್ನೊಂದಿಲ್ಲ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್, ಅಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಹುಟ್ಟಿದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣನವರು ರಂಗಶಿಕ್ಷಣ ಕೇಂದ್ರ ಶುರು ಮಾಡಿದ್ದು 1980ರಲ್ಲಿ. ಐದು ವರ್ಷದ ಮೇಲೆ, 1985ರಲ್ಲಿ, 'ತಿರುಗಾಟ' ಬಂತು. ಒಂದು ತಂಡ ಕಟ್ಟಿಕೊಂಡು, ಊರೂರಿಗೆ ಹೋಗಿ ನಾಟಕ ಆಡಿ ಬರುವುದು. ಇಲ್ಲಿ ವಿದ್ಯಾರ್ಥಿಗಳು ಅಲ್ಲೇ ಉಳಿದು ಕಲಿಯುತ್ತಾರೆ. ಒಂದು ತಂಡದಲ್ಲಿ ಇಪ್ಪತ್ತರ ಆಸುಪಾಸು ಮಕ್ಕಳು. ನಟನೆಯ ಜೊತೆ ರಂಗಸಜ್ಜಿಕೆ, ಬೆಳಕು, ಪ್ರಸಾಧನ, ನಾಟಕ ಸಾಹಿತ್ಯ ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳಬೇಕು.

ಹಾಡಿನ ಲೆಕ್ಕದಲ್ಲಿ ನೀನಾಸಮ್ ಬಗ್ಗೆ ನನ್ನ ಅನಿಸಿಕೆ ಹೀಗಿದೆ. ಅಲ್ಲಿ ಹಾಡು ಒಬ್ಬರ ಗಂಟಲಿನದಲ್ಲ, ಗುಂಪಿನದು. ನಾಟಕಕ್ಕೆ ಏನು ಬೇಕೋ ಅಷ್ಟು ಹಾಡು. ನಿಮ್ಮ ಮಗಳ ಕಂಠ ಎಷ್ಟೇ ಚೆನ್ನಾಗಿರಲಿ, ಅವಳು ಮೇಳದಲ್ಲಿ ನಿಂತು, ಪಕ್ಕದ ಹುಡುಗನ ಅರ್ಧ ಶ್ರುತಿ ತಪ್ಪಿದ ದನಿಯ ಜೊತೆ ತನ್ನ ದನಿ ಬೆರೆಸಬೇಕು. ಹಾಡಿನಲ್ಲಿ ಮುಂದಿರುವ ಮಕ್ಕಳಿಗೆ ಮೊದಲು ಇದು ಕಿರಿಕಿರಿ ಅನಿಸುತ್ತದೆ. ಆದರೆ ಗುಂಪಿನಲ್ಲಿ ಹಾಡುತ್ತಾ ಓಡಾಡಿ, ಹಾಡುತ್ತಲೇ ಮಂಚ ಹೊತ್ತು, ಅದೇ ಉಸಿರಿನಲ್ಲಿ ಮಾತಿಗೆ ಬರುವ ಅಭ್ಯಾಸ ಆಗುತ್ತದೆ. ಇದನ್ನು ಯಾವ ಸಂಗೀತದ ಮನೆಪಾಠವೂ ಕೊಡುವುದಿಲ್ಲ. ರಾಗ, ತಾಳವನ್ನು ಬುಡದಿಂದ ಕಲಿಸಿಕೊಡಲಿ ಅನ್ನುವವರಿಗೆ ಮಾತ್ರ ಹತ್ತು ತಿಂಗಳು ಸಾಲುವುದಿಲ್ಲ. ಅದನ್ನು ಕಲಿತುಕೊಂಡೇ ಹೋಗಬೇಕು.

ಸಾಣೇಹಳ್ಳಿ ಚಿತ್ರದುರ್ಗ ಜಿಲ್ಲೆ, ಹೊಸದುರ್ಗ ತಾಲ್ಲೂಕಿನ ಪುಟ್ಟ ಊರು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಅಲ್ಲಿ ಮಠದ ಅಂಗಳವನ್ನೇ ರಂಗಶಾಲೆ ಮಾಡಿದ್ದಾರೆ. 'ಶಿವಸಂಚಾರ' ತಂಡ 1997ರಿಂದ ರಾಜ್ಯ ಸುತ್ತುತ್ತಿದೆ. ದೊಡ್ಡ ಬಯಲು ರಂಗಮಂದಿರ ಇದೆ. ನವೆಂಬರ್ ಹೊತ್ತಿಗೆ ನಾಟಕೋತ್ಸವ ನಡೆದರೆ ಸುತ್ತಲಿನ ಹಳ್ಳಿಗಳ ಜನ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಸೇರುವ ಯೋಚನೆ ಇದ್ದರೆ ಆ ಉತ್ಸವಕ್ಕೆ ಹೋಗಿ ಬನ್ನಿ. ಅಲ್ಲಿನ ಸಂಜೆಗಳಲ್ಲಿ ನನಗೆ ತುಂಬ ಇಷ್ಟವಾಗುವುದು ವಚನ ಗಾಯನ. ಹಾಡುಗಾರಿಕೆ ಅಲ್ಲಿ ದಿನದ ಬದುಕಿನ ಭಾಗ. ಮಠದ ಶಿಸ್ತೂ ಇರುತ್ತದೆ. ಬೆಳಿಗ್ಗೆ ಬೇಗ ಏಳುವುದು, ಸರಳ ಊಟ, ಹಳ್ಳಿಯ ವಾತಾವರಣ. ಕೆಲವು ಮಕ್ಕಳು ಇದರಲ್ಲಿ ಅರಳುತ್ತಾರೆ, ಕೆಲವರಿಗೆ ಉಸಿರು ಕಟ್ಟುತ್ತದೆ. ನಿಮ್ಮ ಮಗು ಯಾವ ಥರದ್ದು ಅಂತ ನಿಮಗೇ ಗೊತ್ತಿರುತ್ತದೆ, ಅಲ್ವಾ?

ಮೈಸೂರಿನ ರಂಗಾಯಣ 1989ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಶುರುವಾದದ್ದು. ಸರ್ಕಾರದ ಸಂಸ್ಥೆ. ಅಲ್ಲಿನ ಭಾರತೀಯ ರಂಗಶಿಕ್ಷಣ ಕೇಂದ್ರ ಡಿಪ್ಲೊಮಾ ನಡೆಸುತ್ತದೆ. ಕಾರಂತರ ನಾಟಕಗಳಲ್ಲಿ ಸಂಗೀತ ಅಲಂಕಾರಕ್ಕೆ ಇರುತ್ತಿರಲಿಲ್ಲ, ಅದೇ ನಾಟಕವನ್ನು ನಡೆಸುತ್ತಿತ್ತು. ಒಂದು ಕಲ್ಲು, ಒಂದು ತಗಡು, ಒಂದು ಉಸಿರು ಕೂಡ ಅವರಿಗೆ ವಾದ್ಯ. 2010ರಲ್ಲಿ ರಂಗಾಯಣದ ಆವರಣದಲ್ಲಿ ಶುರುವಾದ 'ಮಲೆಗಳಲ್ಲಿ ಮದುಮಗಳು' ನಾಟಕ ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ ನಡೆಯುತ್ತಿತ್ತು. ಹಂಸಲೇಖ ಸಂಗೀತ. ಆ ಚಳಿಯಲ್ಲಿ, ಬಯಲಿನಲ್ಲಿ, ಬೆಳಗಿನ ಜಾವದವರೆಗೆ ದನಿ ಉಳಿಸಿಕೊಂಡು ಹಾಡುವುದು ಅಂದರೆ ಏನು ಅಂತ ಅದನ್ನು ನೋಡಿದವರಿಗೆ ಗೊತ್ತು. ಮೈಸೂರಿನ ಇನ್ನೊಂದು ಲಾಭ, ಊರಿನ ತುಂಬ ಸಂಗೀತದ ಗುರುಗಳಿದ್ದಾರೆ. ರಂಗಾಯಣದ ಪಾಠ ಮುಗಿದ ಮೇಲೂ ಅದೇ ಊರಿನಲ್ಲಿದ್ದು ಸಂಗೀತ ಮುಂದುವರಿಸಬಹುದು. ರಂಗಾಯಣದ 'ಬಹುರೂಪಿ' ನಾಟಕೋತ್ಸವದ ಸಮಯದಲ್ಲಿ ಬೇರೆ ಬೇರೆ ಭಾಷೆಯ ನಾಟಕಗಳೂ ನೋಡಲು ಸಿಗುತ್ತವೆ.

ಮೂರರಲ್ಲಿ ಯಾವುದು ಅಂತ ಒತ್ತಾಯ ಮಾಡಿ ಕೇಳಿದರೆ ಹೀಗೆ ಹೇಳುತ್ತೇನೆ. ಸಂಗೀತ ಈಗಾಗಲೇ ಬರುತ್ತದೆ, ನಾಟಕದ ಬುದ್ಧಿ ಬೆಳೆಯಬೇಕು ಅನ್ನುವವರು ಹೆಗ್ಗೋಡಿಗೆ ಹೋಗಲಿ. ಹಳ್ಳಿಯಿಂದ ಬಂದವರು, ಮೊದಲ ಸಲ ಮನೆ ಬಿಡುವವರು, ವಚನ ಜನಪದದ ಹಾಡಿನಲ್ಲಿ ಬೆಳೆದವರು ಸಾಣೇಹಳ್ಳಿಗೆ ಹೋಗಲಿ. ನಗರದಲ್ಲಿ ಇದ್ದುಕೊಂಡು ಸಂಗೀತ, ನಾಟಕ ಎರಡರ ಜೊತೆಗೂ ನಂಟು ಇಟ್ಟುಕೊಳ್ಳಬೇಕು ಅನ್ನುವವರಿಗೆ ಮೈಸೂರು.

ಎನ್‌ಎಸ್‌ಡಿ: ದೆಹಲಿ ಬೇರೆ, ಬೆಂಗಳೂರು ಬೇರೆ

ಇಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಎನ್‌ಎಸ್‌ಡಿ, ಅಂದರೆ ರಾಷ್ಟ್ರೀಯ ನಾಟಕ ಶಾಲೆ, 1959ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಅಲ್ಲಿರುವುದು ಮೂರು ವರ್ಷದ ಡಿಪ್ಲೊಮಾ. ಬೆಂಗಳೂರಿನ ಕೇಂದ್ರದಲ್ಲಿರುವುದು ಒಂದು ವರ್ಷದ ನಟನೆಯ ಕೋರ್ಸ್, ದಕ್ಷಿಣದ ರಾಜ್ಯಗಳ ಮಕ್ಕಳಿಗೆ.

ದೆಹಲಿಗೆ ಪಿಯುಸಿ ಮುಗಿದ ತಕ್ಷಣ ಅರ್ಜಿ ಹಾಕಲು ಆಗುವುದಿಲ್ಲ. ಡಿಗ್ರಿ ಬೇಕು, ಕನಿಷ್ಠ ಆರು ನಾಟಕದಲ್ಲಿ ಕೆಲಸ ಮಾಡಿರಬೇಕು. ಮೊದಲ ಸುತ್ತಿನಲ್ಲಿ ಆಯ್ಕೆಯಾದವರನ್ನು ಕೊನೆಗೆ ದೆಹಲಿಯಲ್ಲಿ ಕೆಲವು ದಿನದ ಶಿಬಿರದಲ್ಲಿಟ್ಟು ನೋಡಿ ಆರಿಸುತ್ತಾರೆ. ಇಡೀ ದೇಶಕ್ಕೆ ಸುಮಾರು ಮೂವತ್ತು ಸೀಟು. ಸಿಕ್ಕರೆ ತಿಂಗಳಿಗೆ ವಿದ್ಯಾರ್ಥಿವೇತನ ಬರುತ್ತದೆ. ಪಾಠ ಹಿಂದಿ, ಇಂಗ್ಲಿಷಿನಲ್ಲಿ.

ಕನ್ನಡಕ್ಕೂ ಎನ್‌ಎಸ್‌ಡಿಗೂ ಇರುವ ನಂಟು ಹಾಡಿನ ನಂಟೇ ಅಂತ ನನಗೆ ಅನಿಸುತ್ತದೆ. ಕಾರಂತರು ಅಲ್ಲಿ ಓದಿ, 1977ರಿಂದ 1981ರವರೆಗೆ ಅದರ ನಿರ್ದೇಶಕರೂ ಆದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕೂಡ ಅಲ್ಲಿ ಕಲಿತವರು. ಅವರು ರಂಗದ ಮೇಲೆ ಬಂದು ಹಾಡಲು ಶುರು ಮಾಡಿದರೆ ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಹುಟ್ಟಿತು ಅಂತ ಗೊತ್ತೇ ಆಗುವುದಿಲ್ಲ. ಆದರೆ ಒಂದು ಮಾತು ಮರೆಯಬಾರದು. ಕಾರಂತರು ಎನ್‌ಎಸ್‌ಡಿಗೆ ಹೋಗುವ ಮುಂಚೆ ಹುಡುಗನಾಗಿ ಗುಬ್ಬಿ ಕಂಪನಿಯಲ್ಲಿದ್ದರು, ಆಮೇಲೆ ಕಾಶಿಗೆ ಹೋಗಿ ಹಿಂದುಸ್ತಾನಿ ಕಲಿತರು. ಜಯಶ್ರೀಯವರಿಗೆ ಕಂಪನಿಯ ಹಾಡು ಮನೆಯಲ್ಲೇ ಸಿಕ್ಕಿತ್ತು. ಹಾಡನ್ನು ಅವರಿಗೆ ಶಾಲೆ ಕೊಟ್ಟದ್ದಲ್ಲ. ಇದ್ದ ಹಾಡನ್ನು ಆಧುನಿಕ ರಂಗಭೂಮಿಗೆ ಹೇಗೆ ತರುವುದು ಅನ್ನುವ ಕಣ್ಣನ್ನು ಶಾಲೆ ಕೊಟ್ಟಿತು.

ಹಾಗಾಗಿ ಡಿಗ್ರಿ ಮುಗಿಸಿ, ನಾಲ್ಕಾರು ನಾಟಕ ಮಾಡಿ, ಸಂಗೀತವನ್ನೂ ಬಿಡದೆ ಇಟ್ಟುಕೊಂಡವರಿಗೆ ದೆಹಲಿ ದೊಡ್ಡ ಅವಕಾಶ. ಹದಿನೆಂಟರ ಹುಡುಗಿಗೆ ಅದು ಇವತ್ತಿನ ಪ್ರಶ್ನೆಯೇ ಅಲ್ಲ.

ಬೆಂಗಳೂರಿನ ಕೇಂದ್ರದ ರುಚಿ ಬೇರೆ. ಒಂದೇ ಕೋಣೆಯಲ್ಲಿ ಕನ್ನಡ, ಮಲಯಾಳಂ, ತಮಿಳು, ತೆಲುಗು ಮಾತಾಡುವ ಮಕ್ಕಳು. ಪಕ್ಕದಲ್ಲಿ ಕೂತವನು ಕೇರಳದ ದೇವಸ್ಥಾನಗಳ ಸೋಪಾನ ಸಂಗೀತ ಕೇಳಿ ಬೆಳೆದವನಾಗಿರಬಹುದು, ಮತ್ತೊಬ್ಬ ತಮಿಳುನಾಡಿನ ಬಯಲಾಟ ತೆರುಕೂತ್ತು ನೋಡಿ ಬೆಳೆದವನಾಗಿರಬಹುದು. ಹಾಡುವವರಿಗೆ ಇದು ಹಬ್ಬ. ಕನ್ನಡ ನುಡಿಯ ಮೇಲಿನ ಹಿಡಿತವನ್ನು ಮಾತ್ರ ನೀವೇ ಕಾಪಾಡಿಕೊಳ್ಳಬೇಕು. ಭಾಷೆ ಕಲಸಿದ ತರಗತಿಯಲ್ಲಿ ಒತ್ತು, ಉಚ್ಚಾರ ತಿದ್ದುವವರು ಯಾವಾಗಲೂ ಪಕ್ಕದಲ್ಲಿರುವುದಿಲ್ಲ.

ವಿಶ್ವವಿದ್ಯಾಲಯದ ಡಿಗ್ರಿ

ಅಪ್ಪ ಅಮ್ಮಂದಿರಿಗೆ ಧೈರ್ಯ ಬರುವುದು ಇಲ್ಲಿ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೆ. ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು ಇದೆ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶಕ ಕಲೆಗಳ ವಿಭಾಗ ಇದೆ. ಮುಂದೆ ಅಧ್ಯಾಪಕರಾಗಬೇಕು, ಸಂಶೋಧನೆ ಮಾಡಬೇಕು ಅಂದರೆ ಈ ದಾರಿ ಬೇಕೇ ಬೇಕು.

ತೊಂದರೆ ಏನೆಂದರೆ ಇಲ್ಲಿ ಸಂಗೀತ ಒಂದು ವಿಭಾಗ, ನಾಟಕ ಇನ್ನೊಂದು ವಿಭಾಗ. ಸಂಗೀತದ ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತು ಹಾಡುತ್ತಾರೆ, ನಾಟಕದ ಮಕ್ಕಳು ನಿಂತು ಮಾತಾಡುತ್ತಾರೆ. ಇಬ್ಬರೂ ಒಂದೇ ಕಟ್ಟಡದಲ್ಲಿದ್ದು ವರ್ಷವೆಲ್ಲ ಒಂದು ನಾಟಕವನ್ನೂ ಕೂಡಿ ಮಾಡದಿರುವುದುಂಟು. ಸೇರುವ ಮೊದಲು ಅಲ್ಲಿನ ವಿದ್ಯಾರ್ಥಿಗಳನ್ನೇ ಹೊರಗೆ ಟೀ ಅಂಗಡಿಯಲ್ಲಿ ಹಿಡಿದು ಕೇಳಿ: ಕಳೆದ ವರ್ಷ ಎಷ್ಟು ನಾಟಕ ಮಾಡಿದಿರಿ, ಹಾಡಿದ್ದು ಯಾರು? ಪ್ರಾಸ್ಪೆಕ್ಟಸ್‌ನಲ್ಲಿ ಇಲ್ಲದ್ದೆಲ್ಲ ಆ ಉತ್ತರದಲ್ಲಿರುತ್ತದೆ.

ಡಿಗ್ರಿಯಲ್ಲಿ ಸಂಗೀತ ತೆಗೆದುಕೊಂಡು, ಸಂಜೆ ಒಂದು ಹವ್ಯಾಸಿ ತಂಡದಲ್ಲಿ ನಾಟಕ ಮಾಡುವುದು ನಾನು ಕಂಡ ಒಳ್ಳೆಯ ಹೊಂದಿಕೆ. ಉಲ್ಟಾ ಮಾಡಿದವರು, ಅಂದರೆ ನಾಟಕದ ಡಿಗ್ರಿಗೆ ಸೇರಿ ಸಂಗೀತವನ್ನು 'ಆಮೇಲೆ ಕಲಿತರಾಯಿತು' ಅಂದವರು, ಹೆಚ್ಚಿನವರು ಕಲಿಯಲೇ ಇಲ್ಲ. ನಟನೆ ಇಪ್ಪತ್ತೈದರಲ್ಲೂ ಮೈಗೆ ಹತ್ತುತ್ತದೆ. ಕಿವಿ ಅಷ್ಟು ತಡವಾಗಿ ತೆರೆಯುವುದು ಕಷ್ಟ.

ಯಕ್ಷಗಾನ ಕಲಿತರೆ ಸಾಲದೇ?

ಕರಾವಳಿ, ಮಲೆನಾಡಿನ ಮನೆಗಳಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಕುಣಿತ, ಹಾಡು, ಮಾತು ಮೂರೂ ಇರುವ ಇಂಥ ರಂಗ ಜಗತ್ತಿನಲ್ಲೇ ಅಪರೂಪ. ಉಡುಪಿಯಲ್ಲಿ 1971ರಲ್ಲಿ ಶುರುವಾದ, ಶಿವರಾಮ ಕಾರಂತರು ದುಡಿದ ಯಕ್ಷಗಾನ ಕೇಂದ್ರ ಇದೆ. ಬನ್ನಂಜೆ ಸಂಜೀವ ಸುವರ್ಣರು ಅಲ್ಲಿ ತಲೆಮಾರುಗಳನ್ನು ತಯಾರು ಮಾಡಿದ್ದಾರೆ. ಎನ್‌ಎಸ್‌ಡಿ ಮಕ್ಕಳೂ ಅವರ ಹತ್ತಿರ ಹೆಜ್ಜೆ ಕಲಿತಿದ್ದಾರೆ. ಹೊನ್ನಾವರದ ಹತ್ತಿರ ಗುಣವಂತೆಯಲ್ಲಿ ಕೆರೆಮನೆ ಮನೆತನದ ಕಲಾಕೇಂದ್ರ ಇದೆ. ಅವರ ಇಡಗುಂಜಿ ಮೇಳ 1934ರಿಂದ ನಡೆದು ಬಂದದ್ದು.

ಆದರೆ ನನ್ನ ತಕ್ಕಡಿಯಲ್ಲಿಟ್ಟು ನೋಡಿ. ಯಕ್ಷಗಾನದಲ್ಲಿ ಹಾಡುವವರು ಭಾಗವತರು. ವೇಷಧಾರಿ ಆ ಹಾಡಿಗೆ ಕುಣಿಯುತ್ತಾನೆ, ಆಮೇಲೆ ಆಶುವಾಗಿ ಅರ್ಥ ಹೇಳುತ್ತಾನೆ. ಹಾಡುವ ಬಾಯಿ ಒಂದು, ಆಡುವ ಮೈ ಇನ್ನೊಂದು. ಹಾಡು, ವಾದ್ಯದವರು ಹಿಮ್ಮೇಳ, ವೇಷ ಹಾಕಿ ಕುಣಿಯುವವರು ಮುಮ್ಮೇಳ ಅಂತ ಹೆಸರಿನಲ್ಲೇ ಬೇರೆ ಮಾಡಿದ್ದಾರೆ. ಹಾಗಾಗಿ ಹಾಡಬೇಕು ಅನ್ನುವವರು ಭಾಗವತಿಕೆ ಕಲಿಯಬೇಕು, ಕುಣಿದು ನಟಿಸಬೇಕು ಅನ್ನುವವರು ಮುಮ್ಮೇಳ ಕಲಿಯಬೇಕು. ಎರಡನ್ನೂ ಕಲಿತವರಿದ್ದಾರೆ, ಆದರೆ ಒಂದೇ ರಾತ್ರಿ ಒಂದೇ ಪಾತ್ರದಲ್ಲಿ ಎರಡನ್ನೂ ಮಾಡುವ ಜಾಗ ಆ ರಂಗದಲ್ಲಿ ಇಲ್ಲ.

ಇದರಿಂದ ಯಕ್ಷಗಾನ ಬೇಡ ಅಂತ ಅರ್ಥ ಮಾಡಿಕೊಳ್ಳಬೇಡಿ. ತಾಳದ ಮೇಲೆ ಮೈ ನಿಲ್ಲಿಸುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಜಾಗ ನನಗೆ ಗೊತ್ತಿಲ್ಲ. ಶಾಲೆಯ ದಿನಗಳಲ್ಲಿ ಎರಡು ಮೂರು ವರ್ಷ ಹೆಜ್ಜೆ ಕಲಿತ ಮಕ್ಕಳು ಆಮೇಲೆ ಯಾವ ರಂಗಶಾಲೆಗೆ ಹೋದರೂ ಬೇರೆಯೇ ಕಾಣುತ್ತಾರೆ. ಬುನಾದಿಗೆ ಯಕ್ಷಗಾನ, ಮನೆ ಕಟ್ಟುವುದು ಬೇರೆ ಕಡೆ ಅಂತ ಇಟ್ಟುಕೊಳ್ಳಿ.

ಪಾತ್ರವೇ ಹಾಡುವ ಜಾನಪದ ರಂಗ ಬೇಕು ಅಂದರೆ ಬೆಳಗಾವಿ, ಬಾಗಲಕೋಟೆ ಕಡೆಯ ಶ್ರೀಕೃಷ್ಣ ಪಾರಿಜಾತ ನೋಡಿ. ಸತ್ಯಭಾಮೆ, ರುಕ್ಮಿಣಿ, ಕೊರವಂಜಿ, ಎಲ್ಲರೂ ತಾವೇ ಹಾಡುತ್ತಾರೆ. ಕೌಜಲಗಿ ನಿಂಗಮ್ಮನವರ ಹೆಸರು ಆ ಕಡೆ ಇವತ್ತಿಗೂ ಜನರ ಬಾಯಲ್ಲಿದೆ. ಇದಕ್ಕೆ ಕಾಲೇಜು ಇಲ್ಲ. ತಂಡದ ಹಿರಿಯರ ಹತ್ತಿರ ಹೋಗಿ, ಕೈಮುಗಿದು, ಜೊತೆಗಿದ್ದು ಕಲಿಯಬೇಕು.

ಕಂಪನಿ ನಾಟಕ, ಹಳ್ಳಿಯ ಪೌರಾಣಿಕ ನಾಟಕ

ಜನವರಿಯ ಹೊತ್ತಿಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋದರೆ ಸಾಲಾಗಿ ನಾಟಕ ಕಂಪನಿಗಳ ಟೆಂಟು ಕಾಣುತ್ತದೆ. ಒಂದು ರಾತ್ರಿ ಅಲ್ಲಿ ಕೂತು ನೋಡಿ. ತುಮಕೂರು, ಮಂಡ್ಯದ ಕಡೆ ಹಳ್ಳಿಯವರೇ ಪಾತ್ರಕ್ಕೆ ಕೈಯಿಂದ ದುಡ್ಡು ಹಾಕಿ ಆಡುವ ಪೌರಾಣಿಕ ನಾಟಕಗಳಿವೆ. ಅಲ್ಲಿ ಡ್ರಾಮಾ ಮೇಷ್ಟ್ರು ಕಂದ, ವೃತ್ತ ಅನ್ನುವ ಹಳೆಯ ಛಂದಸ್ಸಿನ ಪದ್ಯಗಳನ್ನು ಹಾಡಿ ಹೇಳಿಕೊಡುವ ಕ್ರಮ ನೋಡಿದರೆ ಮೈ ಜುಮ್ಮೆನ್ನುತ್ತದೆ. ಓದು ಬಿಟ್ಟು ಕಂಪನಿಗೆ ಸೇರಿ ಅಂತ ಇವತ್ತು ನಾನು ಯಾವ ಮಗುವಿಗೂ ಹೇಳುವುದಿಲ್ಲ. ಆದರೆ ರಜೆಯಲ್ಲಿ ಎರಡು ತಿಂಗಳು ಒಬ್ಬ ಒಳ್ಳೆಯ ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕೂತವರಿಗೆ, ಮಾತಿನಿಂದ ಹಾಡಿಗೆ ದಾಟುವ ಗುಟ್ಟು ಹೆಚ್ಚು ಬೇಗ ಸಿಗುತ್ತದೆ.

ವಿದೇಶದ ಡಿಗ್ರಿ

ಬೆಂಗಳೂರಿನ ಕೆಲವು ಮನೆಗಳಲ್ಲಿ, ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ, ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕಗಳ ಶೈಲಿಯನ್ನೇ ಕಲಿಯಬೇಕು ಅನ್ನುವ ಮಕ್ಕಳಿದ್ದಾರೆ. ಅದೂ ದೊಡ್ಡ ಕಲೆ. ಅಮೆರಿಕದಲ್ಲಿ ನಾಲ್ಕು ವರ್ಷದ ಬಿಎಫ್‌ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಅಂದರೆ ದಿನದ ಹೆಚ್ಚಿನ ಹೊತ್ತು ಹಾಡು, ನಟನೆ, ಕುಣಿತ. ಬಿಎ ಅಂದರೆ ಅದರ ಜೊತೆ ಬೇರೆ ವಿಷಯಗಳೂ ಜಾಸ್ತಿ. ಸಂಗೀತ ವಿಭಾಗದ ಬಿಎಂ (ಬ್ಯಾಚುಲರ್ ಆಫ್ ಮ್ಯೂಸಿಕ್) ಅಂದರೆ ಕಂಠಕ್ಕೆ ಒತ್ತು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಸಿಸಿಎಂ 1960ರ ದಶಕದ ಕೊನೆಗೇ ಇಂಥ ಕೋರ್ಸ್ ತೆರೆದ ಸಂಸ್ಥೆ. ಮಿಷಿಗನ್, ಕಾರ್ನೆಗಿ ಮೆಲನ್ ಇನ್ನೆರಡು ದೊಡ್ಡ ಹೆಸರು. ಜೂಲಿಯಾರ್ಡ್ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅಲ್ಲಿ ಮ್ಯೂಸಿಕಲ್ ಥಿಯೇಟರ್ ಡಿಗ್ರಿಯೇ ಇಲ್ಲ. ಮೊದಲು ವಿಡಿಯೊ ಕಳಿಸಬೇಕು. ಬೇರೆ ಬೇರೆ ಥರದ ಎರಡು ಹಾಡಿನ ತುಣುಕು, ಒಂದೆರಡು ಸ್ವಗತ, ಕುಣಿತ. ಅದರಲ್ಲಿ ಆರಿಸಿದವರಿಗೆ ಮಾತ್ರ ಆಡಿಷನ್. ಇಂಗ್ಲೆಂಡಿನಲ್ಲಿ ಇದು ಮೂರು ವರ್ಷ.

ಖರ್ಚು ಭಯಂಕರ. ಅಮೆರಿಕದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟುವುದು ಈಗ ಮಾಮೂಲು. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ. ಓದು ಮುಗಿದ ಮೇಲೆ ಇಲ್ಲಿಂದ ಹೋದವರಿಗೆ ಅಲ್ಲಿ ಕೆಲಸ ಮಾಡಲು ಸಾಮಾನ್ಯವಾಗಿ ಸಿಗುವುದು ಒಂದು ವರ್ಷದ ಅನುಮತಿ. ಅಲ್ಲೇ ಹುಟ್ಟಿದ ಮಕ್ಕಳಿಗೆ ಈ ತೊಡಕಿಲ್ಲ. ಇಲ್ಲಿಂದ ಹೋಗುವವರು ಮನೆ ಅಡ ಇಟ್ಟು ಹೋಗುವುದಾದರೆ ಬೇಡ ಅಂತ ನಾನು ನೇರವಾಗಿ ಹೇಳುತ್ತೇನೆ. ಬೆಂಗಳೂರಿನಲ್ಲೇ ಪಾಶ್ಚಾತ್ಯ ಸಂಗೀತ ಕಲಿಯಲು 1987ರಿಂದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಅಂಥ ಕಡೆ ಎರಡು ಮೂರು ವರ್ಷ ಕಲಿತು, ಆಸೆ ಎಷ್ಟು ಗಟ್ಟಿ ಇದೆ ಅಂತ ನೋಡಿ.

ಗಂಟಲಿನ ಮಾತು

ಇದನ್ನು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಒಂದು ತರಬೇತಿಗೆ ಸೇರಿದ್ದೆ. ಎಲ್ಲಿ ಅನ್ನುವುದು ಬೇಡ. ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ನಿಲ್ಲಿಸಿ 'ದನಿ ಬಿಡಿ, ಇನ್ನೂ ಬಿಡಿ' ಅಂತ ಕೂಗಿಸುತ್ತಿದ್ದರು. ಅದೇ ಗಂಟಲಿನಲ್ಲಿ ಸಂಜೆ ಹಾಡಬೇಕಿತ್ತು. ಮೂರು ತಿಂಗಳಿಗೆ ನನ್ನ ದನಿ ಒಡೆಯಿತು. ಡಾಕ್ಟರು ನೋಡಿ, ಧ್ವನಿತಂತುವಿನ ಮೇಲೆ ಗಂಟು ಆಗಿದೆ, ಎರಡು ತಿಂಗಳು ಹಾಡಬೇಡ, ಜೋರಾಗಿ ಮಾತೂ ಆಡಬೇಡ ಅಂದರು. ದನಿ ವಾಪಸ್ ಬಂತು, ಆದರೆ ಮೇಲಿನ ಸ್ವರಗಳು ಬರಲಿಲ್ಲ. ನಾನು ಹಾರ್ಮೋನಿಯಂ ಕಡೆ ಬಂದದ್ದು ಆಮೇಲೆ.

ಅದಕ್ಕೇ ಎಲ್ಲಿ ಸೇರುವುದಾದರೂ ಎರಡು ಪ್ರಶ್ನೆ ಕೇಳಲೇಬೇಕು ಅನ್ನುತ್ತೇನೆ. ದನಿಯ ಪಾಠ ಮಾಡುವವರು ಯಾರು, ಅವರಿಗೆ ಹಾಡು ಗೊತ್ತಾ? ಎರಡನೆಯದು, ಗಂಡು ಹೆಣ್ಣು ಸೇರಿ ಹಾಡುವಾಗ ಶ್ರುತಿ ಯಾವುದು? ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹುಡುಗರ ದನಿ ಸಾಮಾನ್ಯವಾಗಿ ಬಿಳಿ ಒಂದು, ಕಪ್ಪು ಒಂದರ ಆಸುಪಾಸು. ಹುಡುಗಿಯರದು ಬಿಳಿ ಐದು, ಕಪ್ಪು ನಾಲ್ಕರ ಆಸುಪಾಸು. ಎಲ್ಲರನ್ನೂ ಒಂದೇ ಶ್ರುತಿಗೆ ಕಟ್ಟಿದರೆ ಒಂದೋ ಹುಡುಗಿಯರ ದನಿ ಮಣ್ಣಿನಲ್ಲಿ ಹೂತುಹೋಗುತ್ತದೆ, ಇಲ್ಲವೇ ಹುಡುಗರು ಕಿರುಚುತ್ತಾರೆ. ತಿಳಿದ ಮೇಷ್ಟ್ರು ಹಾಡನ್ನು ಹಂಚುತ್ತಾರೆ. ಪಲ್ಲವಿ ಒಬ್ಬರಿಗೆ, ಚರಣ ಇನ್ನೊಬ್ಬರಿಗೆ, ಕೆಳಗಿನ ಸ್ವರ ಒಂದು ಗುಂಪಿಗೆ. ಈ ಪ್ರಶ್ನೆಗೆ 'ಅಭ್ಯಾಸ ಮಾಡಿದರೆ ಬರುತ್ತೆ' ಅನ್ನುವ ಉತ್ತರ ಸಿಕ್ಕರೆ ಸ್ವಲ್ಪ ಹಿಂದೆ ಸರಿದು ಯೋಚಿಸಿ.

ದುಡ್ಡು, ಸರ್ಟಿಫಿಕೇಟು, ಸಂದರ್ಶನ

ಹೆಗ್ಗೋಡು, ಸಾಣೇಹಳ್ಳಿ, ಮೈಸೂರಿನ ರಂಗಶಾಲೆಗಳ ಡಿಪ್ಲೊಮಾ ಡಿಗ್ರಿಗೆ ಸಮ ಅಲ್ಲ. ಮುಂದೆ ಸರ್ಕಾರಿ ಕೆಲಸಕ್ಕೆ, ಸ್ನಾತಕೋತ್ತರಕ್ಕೆ ಡಿಗ್ರಿ ಕೇಳಿಯೇ ಕೇಳುತ್ತಾರೆ. ಆದ್ದರಿಂದ ಡಿಗ್ರಿ ಮುಗಿಸಿ ರಂಗಶಾಲೆಗೆ ಹೋಗುವುದು ನಿರಾಳ. ಪಿಯುಸಿ ಆದ ತಕ್ಷಣ ಹೋಗಲೇಬೇಕು ಅಂದರೆ ಹೋಗಿ ಬಂದು ಡಿಗ್ರಿ ಸೇರಿ, ಒಂದು ವರ್ಷ ಹೋದರೆ ಏನೂ ಮುಳುಗುವುದಿಲ್ಲ. ಶುಲ್ಕ, ವಿದ್ಯಾರ್ಥಿವೇತನ, ವಯಸ್ಸಿನ ಮಿತಿ ವರ್ಷಕ್ಕೊಂದು ಥರ ಬದಲಾಗುತ್ತವೆ. ಆಯಾ ವರ್ಷದ ಪ್ರಕಟಣೆಯನ್ನೇ ನಂಬಿ. ಬೇಸಿಗೆಯಲ್ಲಿ ಪೇಪರ್ ಮೇಲೆ ಕಣ್ಣಿಡಿ.

ಎದುರುಮನೆಯ ಹುಡುಗಿ ಈಗ ಇಲ್ಲೇ ಡಿಗ್ರಿಗೆ ಸೇರಿದ್ದಾಳೆ. ಸಂಗೀತದಲ್ಲಿ ಸೀನಿಯರ್ ಆದ ಮೇಲಿನ ವಿದ್ವತ್ ಪರೀಕ್ಷೆಗೆ ಪಾಠ ನಡೆಯುತ್ತಿದೆ, ವಾರಕ್ಕೆ ಮೂರು ಸಂಜೆ ನಮ್ಮ ತಂಡಕ್ಕೆ ಬರುತ್ತಾಳೆ. ಮೂರು ವರ್ಷದ ಮೇಲೆ ಹೆಗ್ಗೋಡಿಗೆ ಅರ್ಜಿ ಹಾಕುತ್ತಾಳಂತೆ. ಸಂದರ್ಶನಕ್ಕೆ ಏನು ತಯಾರಿ ಅಂತ ಈಗಲೇ ಕೇಳುತ್ತಾಳೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊಬೈಲಿನಲ್ಲಿ ಕರೋಕೆ ಹಾಕಿಕೊಂಡು ಹಾಡಬೇಡಿ, ಸುಮ್ನೆ ಬರಿಗಂಟಲಲ್ಲಿ ಹಾಡಿ. ನಿಮ್ಮ ಶ್ರುತಿ ಯಾವುದು ಅಂತ ನಿಮಗೆ ಗೊತ್ತಿರಲಿ. ಪೂರ್ತಿ ಕೃತಿ ಬೇಡ, ಎರಡು ನಿಮಿಷದ ರಂಗಗೀತೆ ಸಾಕು. ಅದರ ಮುಂದೆ ಪಾತ್ರದ ನಾಲ್ಕು ಸಾಲು ಮಾತು ಸೇರಿಸಿಕೊಳ್ಳಿ, ಮಾತಿನಿಂದಲೇ ಹಾಡಿಗೆ ಬನ್ನಿ. ಹಾಡು ಮುಗಿದ ಮೇಲೆ ಕೈಮುಗಿಯಲು ಅವಸರ ಮಾಡಬೇಡಿ, ಇನ್ನೊಂದು ಉಸಿರು ಪಾತ್ರದಲ್ಲೇ ನಿಲ್ಲಿ.